ಸಹಾಯ ಬೇಕು: ಐತಿಹಾಸಿಕ ಕಥೆಗಳ ಮೂಲಕ ಮಕ್ಕಳಿಗೆ ವರ್ಣಭೇದವನ್ನು ತಿಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅಮೆರಿಕದ ವರ್ಣಭೇದದ ಚರಿತ್ರೆಯನ್ನು ಕಥೆಗಳ ಮೂಲಕ ಪರಿಚಯಿಸುತ್ತಿದ್ದೇನೆ. ಈ ಕೆಲಸದಲ್ಲಿ ಅನುಭವವಿರುವ ಶಿಕ್ಷಕರು ಮತ್ತು ಪೋಷಕರು ದಯವಿಟ್ಟು ಸಲಹೆ ನೀಡಬೇಕು.

1955ರ ಡಿಸೆಂಬರ್‌ನಲ್ಲಿ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ಆರಂಭವಾದ ಬಸ್ ಬಹಿಷ್ಕಾರದ (ಬಸ್‌ಗಳಲ್ಲಿನ ವರ್ಣಭೇದವನ್ನು ವಿರೋಧಿಸಿ ಕಪ್ಪು ವರ್ಣೀಯರು ಬಸ್ ಹತ್ತುವುದನ್ನೇ ನಿಲ್ಲಿಸಿದ ಚಳವಳಿ) ಹಿನ್ನೆಲೆಯ, ಒಬ್ಬ ಹುಡುಗಿಯ ಕಥೆಯನ್ನು ಓದುವಾಗ, ಕಪ್ಪು ವರ್ಣೀಯರು ಮುಂಬಾಗಿಲಲ್ಲಿ ಹಣ ಕೊಟ್ಟು, ಕೆಳಗಿಳಿದು, ಎಷ್ಟೋ ಬಾರಿ ಹಿಂಬಾಗಿಲಿನಿಂದ ಮತ್ತೆ ಹತ್ತಬೇಕಾಗುತ್ತಿತ್ತು ಎಂಬ ವಿವರ ಮಕ್ಕಳ ಮನಸ್ಸಿಗೆ ನಾಟುತ್ತದೆ. ಇಸವಿಗಳ ಪಟ್ಟಿಗಿಂತ ಇಂಥ ವಿವರವೇ ಅನ್ಯಾಯವನ್ನು ಹೆಚ್ಚು ಅರ್ಥಮಾಡಿಸುತ್ತದೆ ಎಂಬುದು ನನ್ನ ದೃಢ ನಂಬಿಕೆ. ಆದರೆ ಮಕ್ಕಳು ಅದನ್ನು ಒಬ್ಬ ಕೆಟ್ಟ ಚಾಲಕನ ದುರ್ವರ್ತನೆ ಎಂದಷ್ಟೇ ಭಾವಿಸುತ್ತಾರೆ. ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಮಾಡಿದ್ದ ಆಸನಗಳ ವಿಂಗಡಣೆಗೆ ಕಾನೂನಿನ ಬಲವೇ ಇತ್ತು, 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ‘ಪ್ರತ್ಯೇಕ, ಆದರೆ ಸಮಾನ’ (ಸೌಲಭ್ಯಗಳು ಸಮಾನವಾಗಿದ್ದರೆ ವರ್ಣದ ಆಧಾರದಲ್ಲಿ ಬೇರ್ಪಡಿಸುವುದು ಕಾನೂನುಬದ್ಧ) ಎಂಬ ತತ್ವವನ್ನು ಎತ್ತಿಹಿಡಿದಿತ್ತು ಎಂಬುದನ್ನು ಕಥೆಯ ಓಟ ಕೆಡದಂತೆ ಹೇಳುವುದು ಹೇಗೆ?

ಇನ್ನೊಂದು ಪ್ರಶ್ನೆ. ಕಥೆಯ ಹುಡುಗಿ ನಿಜವಾಗಿ ಇದ್ದಳೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. 1955ರ ಮಾರ್ಚ್‌ನಲ್ಲಿ ಅದೇ ನಗರದ ಬಸ್ಸಿನಲ್ಲಿ ಬಿಳಿಯರಿಗೆ ಆಸನ ಬಿಟ್ಟುಕೊಡಲು ನಿರಾಕರಿಸಿ ಬಂಧನಕ್ಕೊಳಗಾದ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಅವರ ನೈಜ ವೃತ್ತಾಂತವನ್ನು ಕಥೆಗೆ ಮೊದಲೇ ಹೇಳುವುದು ಒಳಿತೋ, ಓದಿ ಮುಗಿದ ನಂತರವೋ? ಎರಡನ್ನೂ ಪ್ರಯತ್ನಿಸಿದವರು ಮಕ್ಕಳ ಪ್ರತಿಕ್ರಿಯೆ ಹೇಗಿತ್ತೆಂದು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.