ಮಲೆನಾಡಿನ ಮಳೆಗಾಲಕ್ಕೆ ಯಾವ ರೋಲಿಂಗ್ ಪೇಪರ್, ಯಾವ ಫಿಲ್ಟರ್?

ಹೊಸನಗರದವ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಇದ್ದಾಗ ಸಿಗರೇಟು ಕೈಯಲ್ಲೇ ಸುತ್ತೋದು ರೂಢಿಯಾಯ್ತು. ಈಗ ತೋಟ ನೋಡಿಕೊಳ್ಳಲು ಊರಿಗೆ ಬಂದಿದ್ದೇನೆ. ಅಲ್ಲಿ ಚೆನ್ನಾಗಿದ್ದ ಅದೇ ತೆಳು ಪೇಪರ್ ಇಲ್ಲಿ ಕೈಕೊಡುತ್ತಿದೆ. ಆರಿದ್ರಾ ಮಳೆ ಹಿಡಿದ ಮೇಲೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಬಿಡಿಸಲು ಹೋದರೆ ಅಂಚು ಹರಿಯುತ್ತದೆ. ಹೇಗೋ ಸುತ್ತಿದರೂ ಒಂದು ಬದಿ ಉರಿದು ಇನ್ನೊಂದು ಬದಿ ಹಾಗೇ ಉಳಿಯುತ್ತದೆ. ದಪ್ಪ ಪೇಪರ್‌ಗೆ ಹೋಗಬೇಕಾ? ಫಿಲ್ಟರ್ 6 ಮಿಲಿಮೀಟರಿನದಾ, 8ರದ್ದಾ? ಕಂದು ಬಣ್ಣದ ಪೇಪರ್ ಆರೋಗ್ಯಕ್ಕೆ ವಾಸಿ ಅಂತಾರೆ, ಹೌದಾ?

ತೀರ್ಥಹಳ್ಳಿ ತೋಟ:
ನಮ್ಮ ಮನೆ ಆಗುಂಬೆ ದಾರಿಯಲ್ಲಿ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನ ಪಕ್ಕದಲ್ಲಿ ಇದ್ದೇವೆ. ಹಾಗಾಗಿ ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಮೊದಲು ಒಂದು ಮಾತು ಕೇಳುತ್ತೇನೆ. ಪೇಪರ್ ಪ್ಯಾಕನ್ನು ತಂಬಾಕಿನ ಪೌಚ್ ಒಳಗೇ ಇಡ್ತೀರಾ? ಬಹಳ ಜನ ಹಾಗೇ ಮಾಡುತ್ತಾರೆ. ಸುತ್ತುವ ತಂಬಾಕಿಗೆ ಸ್ವಲ್ಪ ತೇವ ಇರಲೇಬೇಕು, ಇಲ್ಲದಿದ್ದರೆ ಪುಡಿಯಾಗಿ ಬಾಯಿಗೆ ಬರುತ್ತದೆ. ಪೇಪರಿಗೆ ತೇವ ಒಗ್ಗುವುದೇ ಇಲ್ಲ. ಅಂಚಿನಲ್ಲಿರುವ ಅಂಟು ಹೆಚ್ಚಾಗಿ ಅಕೇಶಿಯಾ ಮರದ ಗೋಂದು. ಗಾಳಿಯ ತೇವ ಹೀರಿದರೆ ಸಾಕು, ಪಕ್ಕದ ಹಾಳೆಗೆ ಹಿಡಿದುಕೊಳ್ಳುತ್ತದೆ. ಎರಡನ್ನೂ ಬೇರೆ ಬೇರೆ ಇಡಿ. ಪೇಪರ್ ಬದಲಿಸುವ ಮೊದಲು ಇದನ್ನು ಮಾಡಿ ನೋಡಿ, ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ.

ಇನ್ನು ದಪ್ಪದ ವಿಷಯ. ಪ್ಯಾಕಿನ ಮೇಲೆ ಜಿಎಸ್‌ಎಂ ಅಂತ ಬರೆದಿದ್ದರೆ ಅದು ಒಂದು ಚದರ ಮೀಟರ್ ಕಾಗದದ ತೂಕ. ತೀರಾ ತೆಳುವಾದದ್ದು 12ರಿಂದ 14 ಗ್ರಾಂ ಇರುತ್ತದೆ. ಕಾಗದದ ರುಚಿ ಬರೋದಿಲ್ಲ, ಬೇಸಿಗೆಗೆ ಬಹಳ ಚೆಂದ. ಆದರೆ ಪುನರ್ವಸು, ಪುಷ್ಯ ಮಳೆಯಲ್ಲಿ ಒದ್ದೆ ಬೆರಳು ತಾಗಿದರೇ ತೂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು 18–20ರ ಆಸುಪಾಸಿನದು ತರುತ್ತೇನೆ. ಸ್ವಲ್ಪ ಬೇಗ ಉರಿಯುತ್ತದೆ, ಆದರೆ ಕೈಯಲ್ಲಿ ನಿಲ್ಲುತ್ತದೆ.

ಒಂದೇ ಬದಿ ಉರಿಯೋದಕ್ಕೆ ಪೇಪರನ್ನು ಬೈದು ಉಪಯೋಗವಿಲ್ಲ. ತಂಬಾಕು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಆಗಿರುತ್ತದೆ, ಅಥವಾ ಅಂಟಿಗೆ ಎಂಜಲು ಜಾಸ್ತಿ ಆಗಿರುತ್ತದೆ. ಒದ್ದೆಯಾದ ಬದಿ ಹಿಂದೆ ಬೀಳುತ್ತದೆ. ಒಮ್ಮೆ ಹಗುರವಾಗಿ ನಾಲಿಗೆ ಸವರಿದರೆ ಸಾಕು. ಮತ್ತೆ, ಸೇದದೆ ಹಾಗೇ ಇಟ್ಟರೆ ಆರಿಹೋಗೋದು ದೋಷವಲ್ಲ. ಫ್ಯಾಕ್ಟರಿ ಸಿಗರೇಟಿನ ಕಾಗದಕ್ಕೆ ಒಂದೇ ಸಮ ಉರಿಯಲಿ ಅಂತ ಸಿಟ್ರೇಟ್ ಲವಣ ಸೇರಿಸುತ್ತಾರೆ. ಸುತ್ತುವ ಪೇಪರುಗಳಲ್ಲಿ ಎಷ್ಟೋ ಕಡೆ ಅದು ಇರೋದಿಲ್ಲ.

ಫಿಲ್ಟರ್ 6ರದ್ದೇ ತಗೊಳ್ಳಿ. ಚಿಕ್ಕ ಪೇಪರ್ ಉದ್ದ ಸುಮಾರು 70 ಮಿಲಿಮೀಟರ್, ಅಗಲ 36ರ ಹತ್ತಿರ. 8ರ ಫಿಲ್ಟರ್ ಸುತ್ತಳತೆಯೇ 25 ಆಯ್ತು, ಒಂದರ ಮೇಲೊಂದು ಕೂರಲು ಉಳಿಯೋದು 11 ಮಾತ್ರ. 6ರದ್ದಾದರೆ 17 ಉಳಿಯುತ್ತದೆ. ಮಳೆಗಾಲದಲ್ಲಿ ಅಂಟು ನಂಬಿಕೆಗೆ ಅರ್ಹವಲ್ಲ, ಹಾಗಾಗಿ ಆ ಮಡಿಕೆ ಬೇಕೇಬೇಕು. 110 ಮಿಲಿಮೀಟರಿನ ಕಿಂಗ್ ಸೈಜ್ ನಿಮಗೆ ಬೇಡ, ಸುಮ್ನೆ ತಂಬಾಕು ಜಾಸ್ತಿ ಹೋಗುತ್ತದೆ. ರಟ್ಟಿನ ಟಿಪ್ ಬಗ್ಗೆ ಯಾರಾದರೂ ಹೇಳಿದರೆ ತಿಳಿದಿರಲಿ: ಅದು ಏನನ್ನೂ ಸೋಸೋದಿಲ್ಲ. ಎಲೆ ಬಾಯಿಗೆ ಬಾರದಂತೆ ತಡೆಯುತ್ತದೆ, ಅಷ್ಟೆ. ಥಂಡಿಗೆ ಮೆತ್ತಗೂ ಆಗುತ್ತದೆ.

ನೀವೂ ತೋಟದವರು, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ಕೈಯಲ್ಲಿ ಮೈಲುತುತ್ತ, ಸುಣ್ಣ ಇರುತ್ತದೆ. ಆ ಕೈಯಲ್ಲಿ ಪೇಪರ್ ಹಿಡಿದು ನಾಲಿಗೆಗೆ ತಾಗಿಸಬೇಡಿ. ನಮ್ಮ ಕೆಲಸದವರಿಗೂ ನಾನು ಬೀಡಿ ಹಚ್ಚುವ ಮೊದಲು ಸೋಪು ಕೊಡುತ್ತೇನೆ.

ಗಾಂಧಿ ಬಜಾರ್:
ಶಿವಮೊಗ್ಗದಲ್ಲಿ ಅಂಗಡಿ ನಮ್ಮದು. ಕೊಳ್ಳುವಾಗ ಪ್ಯಾಕ್ ತೆರೆದು ಮೊದಲ ಹಾಳೆ ಎಳೆದು ನೋಡಿ. ಸರಾಗ ಬಂದರೆ ತಗೊಳ್ಳಿ, ಎರಡು ಜೊತೆಗೆ ಬಂದರೆ ವಾಪಸ್ ಕೊಡಿ. ಓಸಿಬಿ, ರಾ ಎರಡೂ ಬ್ರ್ಯಾಂಡಿನ ಪೇಪರಲ್ಲಿ ತೆಳು, ದಪ್ಪ ಇವೆ. ಹೆಸರಿಗಿಂತ ಸ್ಟಾಕ್ ಹೊಸತಾ ಅನ್ನೋದು ಮುಖ್ಯ. ಮಳೆಗಾಲಕ್ಕೆ ಡಬ್ಬಿಗಟ್ಟಲೆ ಒಟ್ಟಿಗೆ ಒಯ್ಯಬೇಡಿ. ಇನ್ನೊಂದು, ಈಗ ನಮ್ಮ ರಾಜ್ಯದಲ್ಲಿ ತಂಬಾಕು ಕೊಳ್ಳೋಕೆ 21 ವರ್ಷ ಆಗಿರಬೇಕು. ಹುಡುಗರನ್ನು ಅಂಗಡಿಗೆ ಕಳಿಸಬೇಡಿ, ನಾವು ಕೊಡಲ್ಲ.

ಸಾಗರದ ಅಕ್ಕ:
ನಾನು ನರ್ಸ್. ಕಂದು ಪೇಪರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ? ಕಂದು ಅಂದರೆ ಬಿಳುಪು ಮಾಡಿಲ್ಲ, ಅಷ್ಟೇ. ಅಕ್ಕಿಯದಾಗಲಿ, ಹೆಂಪ್ ಆಗಲಿ, ಅಗಸೆ ನಾರಿನದಾಗಲಿ, ಉರಿದರೆ ಟಾರ್, ಕಾರ್ಬನ್ ಮೊನಾಕ್ಸೈಡ್ ಬಂದೇ ಬರುತ್ತವೆ. ತಂಬಾಕಂತೂ ಅದೇ ತಂಬಾಕು. ಫಿಲ್ಟರ್ ಇದ್ದರೆ ಹೊಗೆ ಮೆತ್ತಗೆ ಅನ್ನಿಸುತ್ತದೆ, ಆಗ ಜನ ಇನ್ನೂ ಆಳಕ್ಕೆ ಎಳೆಯುತ್ತಾರೆ. ಇದ್ದಿಲಿನ ಫಿಲ್ಟರ್ ಕೂಡ ಕಾಪಾಡೋದಿಲ್ಲ. ಕೈಯಲ್ಲಿ ಸುತ್ತಿದ್ದು ಶುದ್ಧ ಅಂತ ನಂಬಿ ಕೆಮ್ಮಿಕೊಂಡು ಬರುವವರನ್ನು ನೋಡಿ ನನಗೆ ಸಂಕಟ ಆಗುತ್ತದೆ. ತಮ್ಮಾ, ಯಾವಾಗಲಾದರೂ ಬಿಡಬೇಕು ಅನ್ನಿಸಿದರೆ 1800-11-2356ಕ್ಕೆ ಫೋನ್ ಮಾಡು. ಕೇಂದ್ರ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ.

ಸೇದಿ ಎಸೆಯುವ ಫಿಲ್ಟರ್ ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ವರ್ಷಗಟ್ಟಲೆ ಕೊಳೆಯೋದಿಲ್ಲ. ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆಗೆ) ಹಾಕಬೇಡ.

ಹೊಸನಗರದವ:
ಅಕ್ಕಾ, ನಂಬರ್ ಬರೆದಿಟ್ಟುಕೊಂಡೆ. ಕಂದು ಪೇಪರಿನ ಮಾತು ನಾನು ನಿಜ ಅಂದುಕೊಂಡೇ ಕೇಳಿದ್ದು. ತೀರ್ಥಹಳ್ಳಿಯವರೇ, ಹೌದು, ಪೇಪರ್ ಪೌಚ್ ಒಳಗೇ ಇತ್ತು. ಬೇರೆ ಇಡೋದು ಅಂದರೆ ಎಲ್ಲಿ? ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಆಗುತ್ತಾ?

ತೀರ್ಥಹಳ್ಳಿ ತೋಟ:
ಅಟ್ಟ ಬೇಡ. ಅಲ್ಲಿ ಕಾಗದಕ್ಕೆ ಸೌದೆ ಹೊಗೆ ಹಿಡಿಯುತ್ತದೆ, ಅಂಟು ಒಣಗಿ ಬಿರುಕು ಬಿಡುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಒಂದು ಹಿಡಿ ಅಕ್ಕಿ ಹುರಿದು, ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ. ವಾರಕ್ಕೊಮ್ಮೆ ಅದನ್ನೇ ಮತ್ತೆ ಬಿಸಿ ಮಾಡಿ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಇದ್ದರೆ ಅದೂ ಆಗುತ್ತದೆ. ಫಿಲ್ಟರ್ ಕೂಡ ಅದೇ ಡಬ್ಬಿಯಲ್ಲಿರಲಿ. ಜೇಬಿಗೆ ಆ ಹೊತ್ತಿಗೆ ಬೇಕಾದ ನಾಲ್ಕು ಹಾಳೆ ಮಾತ್ರ, ಅದೂ ಪ್ಲಾಸ್ಟಿಕ್ ಕವರಿನಲ್ಲಿ. ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಮಾರ್ಚ್, ಏಪ್ರಿಲ್‌ನಲ್ಲಿ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಒಣ ದರಕು, ಅಂದರೆ ತರಗೆಲೆ ಬಿದ್ದಿರುತ್ತದೆ. ಅಲ್ಲಿ ಹಚ್ಚಲೇಬೇಡಿ, ಮನೆ ಅಂಗಳಕ್ಕೆ ಬಂದ ಮೇಲೆ ಹಚ್ಚಿ.