ಕೊಳವೆಬಾವಿ, ಅಡಿಪಾಯ, ಕುಡಿಯುವ ನೀರು: ಭೂವಿಜ್ಞಾನ ಮನೆಮಂದಿಗೆ ಏಕೆ ಬೇಕು?

ಪ್ರಶ್ನೆ: ನೆಲದಾಸಕ್ತ

ಭೂವಿಜ್ಞಾನ ಎಂದ ಕೂಡಲೇ ಗಣಿ, ಜ್ವಾಲಾಮುಖಿ, ಡೈನೊಸಾರ್ ನೆನಪಾಗುತ್ತವೆ. ಇವುಗಳ ಗೊಡವೆಯೇ ಇಲ್ಲದವರಿಗೆ ಇದರಿಂದ ಆಗುವುದೇನು? ಬಾವಿ ತೆಗೆಸುವವರು, ಮನೆ ಕಟ್ಟಿಸುವವರು ಕಾಲಡಿಯ ಕಲ್ಲುಮಣ್ಣಿನ ಬಗ್ಗೆ ಏನು ತಿಳಿದಿರಬೇಕು? ತಿಳಿಯದಿದ್ದರೆ ಎಲ್ಲಿ ಕೈಕೊಡುತ್ತದೆ? ‘ಫೋನಿನ ಬ್ಯಾಟರಿಯಲ್ಲಿ ಲಿಥಿಯಂ ಇದೆ’ ಎಂಬಂಥ ಉತ್ತರ ಬೇಡ. ಮಾಡಿ ನೋಡುವಂಥದ್ದು ಹೇಳಿ.

ಉತ್ತರ: ಸೆಲೆ

ಮೊದಲು ನೀರು. ನೆಲದಡಿ ನದಿ ಹರಿಯುತ್ತದೆ ಎಂಬ ಕಲ್ಪನೆ ಸುಣ್ಣಕಲ್ಲಿನ ಗುಹೆಗಳಿರುವಂಥ ಕಡೆಗೆ ಸರಿ. ಉಳಿದೆಡೆ ನೀರು ಇರುವುದು ಮರಳಿನ ಕಣಗಳ ಸಂದಿಯಲ್ಲಿ, ಇಲ್ಲವೇ ಬಂಡೆಯ ಬಿರುಕಿನಲ್ಲಿ. ನೀರು ಇರುವುದು ಬೇರೆ, ಅದು ಬಾವಿಗೆ ಬರುವುದು ಬೇರೆ. ಜೇಡಿಮಣ್ಣಿನ ಅರ್ಧದಷ್ಟು ಗಾತ್ರ ಬರೀ ಸಂದಿಯೇ ಆಗಿರಬಹುದು, ಆದರೆ ಅವು ಎಷ್ಟು ಸಣ್ಣವೆಂದರೆ ನೀರು ಕದಲುವುದೇ ಇಲ್ಲ. ಇಡಿ ಗ್ರಾನೈಟ್‌ನಲ್ಲಿ ಸಂದಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ, ಆದರೂ ಬಾಯ್ತೆರೆದ ಬಿರುಕೊಂದು ಸಿಕ್ಕರೆ ಪಂಪು ನಡೆಯುತ್ತದೆ.

ಗಟ್ಟಿ ಶಿಲೆಯ ನೆಲದಲ್ಲಿ ಮೇಲೆ ಮಣ್ಣು, ಅದರಡಿ ಕೊಳೆತು ಸಡಿಲವಾದ ಶಿಥಿಲ ಶಿಲೆ, ಆಮೇಲೆ ಬಿರುಕು ಬಿಟ್ಟ ಬಂಡೆ, ಕೊನೆಗೆ ಇಡಿ ಬಂಡೆ. ನೀರನ್ನು ಹಿಡಿದಿಡುವುದು ಶಿಥಿಲ ಪದರ, ಸಾಗಿಸುವುದು ಬಿರುಕು. ಆಳಕ್ಕೆ ಇಳಿದಂತೆ ಬಿರುಕುಗಳು ವಿರಳವಾಗುತ್ತವೆ, ಇದ್ದವೂ ಮೇಲಿನ ಭಾರಕ್ಕೆ ಮುಚ್ಚಿಕೊಳ್ಳುತ್ತವೆ. ಹಾಗಾಗಿ ‘ಇನ್ನೂ ನೂರು ಅಡಿ ಇಳಿಸಿದರೆ ಸಿಕ್ಕೇ ಸಿಗುತ್ತದೆ’ ಎನ್ನುವವರನ್ನು ಸಾಕ್ಷಿ ಕೇಳಬೇಕು. ಸಾಕ್ಷಿ ಇರುವುದು ಹೊರಬರುವ ಕಲ್ಲಿನ ಪುಡಿಯಲ್ಲಿ. ಪ್ರತಿ 3 ಮೀಟರಿಗೆ ಒಂದು ಹಿಡಿ ತೆಗೆದು, ತೊಳೆದು, ಆಳ ಬರೆದು ಸಾಲಾಗಿ ಇಡಿ. ಅಷ್ಟು ಕೊರೆಯಲು ಹಿಡಿದ ನಿಮಿಷಗಳನ್ನೂ ಬರೆದುಕೊಳ್ಳಿ. ತುಕ್ಕಿನ ಬಣ್ಣ ಹತ್ತಿದ ಚೂರುಗಳು ಬಂದು ಕೊರೆತ ಚುರುಕಾದರೆ ಅಲ್ಲೊಂದು ಬಿರುಕು ಇದೆ, ಅದರಲ್ಲಿ ನೀರು ಓಡಾಡಿದೆ. ಅಂಚು ಹರಿತವಾದ, ಹೊಳೆಯುವ ತಾಜಾ ಚೂರುಗಳೇ ಹತ್ತಾರು ಮೀಟರ್ ಬರುತ್ತಿದ್ದರೆ ನಿಲ್ಲಿಸುವುದೇ ಲೇಸು.

ಕೇಸಿಂಗ್ ಪೈಪು ಶಿಥಿಲ ಪದರವನ್ನು ದಾಟಿ ಗಟ್ಟಿ ಬಂಡೆಯಲ್ಲಿ ಕೂರಬೇಕು. ಅರ್ಧಕ್ಕೆ ನಿಲ್ಲಿಸಿದರೆ ಗೋಡೆ ಕುಸಿದು ಪಂಪು ಹೂಳುತ್ತದೆ, ಮೇಲಿನ ಕೊಳಕು ನೀರೂ ನೇರ ಒಳಗಿಳಿಯುತ್ತದೆ. ಪೈಪಿನ ಹೊರಗಿನ ಸಂದಿಗೆ ಸಿಮೆಂಟ್ ಗಾರೆ ತುಂಬಿಸುವುದನ್ನು ಬಿಡಬೇಡಿ. ಕೊರೆಯುವ ಹೊತ್ತಿನಲ್ಲಿ ಗಾಳಿಯ ಒತ್ತಡಕ್ಕೆ ಚಿಮ್ಮುವ ನೀರನ್ನು ನೋಡಿ ಪಂಪು ಆರಿಸಬಾರದು. 24 ತಾಸು ಒಂದೇ ಸಮನೆ ಪಂಪು ಮಾಡಿ, ನೀರಿನ ಮಟ್ಟ ಎಷ್ಟಕ್ಕೆ ಇಳಿದು ನಿಲ್ಲುತ್ತದೆ, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮೇಲೇರುತ್ತದೆ ಎಂದು ಅಳೆಯಿರಿ. ಮಟ್ಟ ಇಳಿಯುತ್ತಲೇ ಹೋದರೆ ನೀವು ಬರಿದು ಮಾಡುತ್ತಿರುವುದು ಬಿರುಕಿನ ಸಂಗ್ರಹವನ್ನು.

ಕಡಲ ದಂಡೆಯವರಿಗೆ ಲೆಕ್ಕ ಇನ್ನೂ ಬಿಗಿ. ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಾಂದ್ರತೆ 1.000 ಮತ್ತು 1.025 ಆದ್ದರಿಂದ, ಸಿಹಿನೀರಿನ ಮಟ್ಟ 1 ಮೀಟರ್ ಇಳಿದು ಹಾಗೇ ಉಳಿದರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ಸುಮಾರು 40 ಮೀಟರ್ ಮೇಲೇರುತ್ತದೆ. ಒಂದು ದೊಡ್ಡ ಪಂಪಿಗಿಂತ ದೂರದೂರದ ನಾಲ್ಕು ಸಣ್ಣ ಪಂಪು ಮೇಲು.

ಉತ್ತರ: ಖನಿಜಪ್ರಿಯ

ನೀರು ಸಿಕ್ಕ ಮಾತ್ರಕ್ಕೆ ಮುಗಿಯಲಿಲ್ಲ. ಯಾವ ಕಲ್ಲಿನಿಂದ ಬಂತು ಎಂಬುದು ಅದರ ಗುಣವನ್ನು ನಿರ್ಧರಿಸುತ್ತದೆ. ಗ್ರಾನೈಟ್, ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಎಂಬ ಫ್ಲೋರಿನ್ ಇರುವ ಖನಿಜಗಳಿರುತ್ತವೆ. ಸುಣ್ಣದಂಶ ಕಡಿಮೆಯಿದ್ದು ಕ್ಷಾರೀಯವಾಗಿರುವ ನೀರು ಬಹುಕಾಲ ಇವುಗಳ ಜೊತೆ ನಿಂತರೆ ಫ್ಲೋರೈಡ್ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆ, ಬಹಳ ಹೆಚ್ಚಾದರೆ ವರ್ಷಗಳ ಮೇಲೆ ಮೂಳೆ ಕೀಲುಗಳ ಬಿಗಿತ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಾಢವಾಗುತ್ತದೆ. ಈ ತಪ್ಪು ಬಹಳ ಮನೆಗಳಲ್ಲಿ ನಡೆಯುತ್ತಿದೆ ಎನ್ನುವುದೇ ಸಂಕಟ.

ಆರ್ಸೆನಿಕ್‌ನ ದಾರಿ ಬೇರೆ. ಬಾಂಗ್ಲಾದೇಶದಲ್ಲಿ ರೋಗಾಣುವಿಲ್ಲದ ನೀರಿಗೆಂದು ಹಾಕಿದ ಲಕ್ಷಾಂತರ ಕೊಳವೆಬಾವಿಗಳು ಎಳೆಯ ಮೆಕ್ಕಲು ಪದರಕ್ಕೆ ಇಳಿದಿದ್ದವು. ಅಲ್ಲಿ ಕೊಳೆಯುವ ಸಸ್ಯಾಂಶ ಆಮ್ಲಜನಕವನ್ನು ತಿಂದುಹಾಕಿ, ಕಬ್ಬಿಣದ ಆಕ್ಸೈಡ್ ಹಿಡಿದಿಟ್ಟಿದ್ದ ಆರ್ಸೆನಿಕ್ ನೀರಿಗೆ ಬಿಡುಗಡೆಯಾಯಿತು. ಕಬ್ಬಿಣದ ಲೇಪ ಕರಗಿದ ಮರಳು ಬೂದು. ಲೇಪ ಉಳಿದಿರುವ ಹಳೆಯ ಮರಳು ಕಿತ್ತಳೆ-ಕಂದು, ಅದರ ನೀರು ಬಹುಮಟ್ಟಿಗೆ ಸುರಕ್ಷಿತ. ಆದರೆ ಮರಳಿನ ಬಣ್ಣ ಬರೀ ಸುಳಿವು. ಮಿತಿ ಲೀಟರಿಗೆ 10 ಮೈಕ್ರೊಗ್ರಾಂ, ರುಚಿ ವಾಸನೆ ಏನೂ ಇಲ್ಲ, ಪಕ್ಕಪಕ್ಕದ ಬಾವಿಗಳಲ್ಲೇ ಅಜಗಜಾಂತರ ಇರಬಹುದು. ಪ್ರತಿ ಬಾವಿಯ ನೀರನ್ನೂ ಪ್ರಯೋಗಾಲಯದಲ್ಲಿ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ಉತ್ತರ: ಬುನಾದಿ

ಮನೆಯ ವಿಚಾರಕ್ಕೆ ಬಂದರೆ ಹೆಚ್ಚು ಕಾಡುವುದು ಹಿಗ್ಗುವ ಜೇಡಿ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಖನಿಜದ ಹಾಳೆಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಎದ್ದು, ಒಂದು ಋತುವಿನಲ್ಲಿ ಅಗಲವಾಗಿ ಇನ್ನೊಂದರಲ್ಲಿ ಕಿರಿದಾಗುವ ಬಿರುಕು ಇದರ ಗುರುತು. ಒಂದಂತಸ್ತಿನ ಹಗುರ ಮನೆಗೇ ಪೆಟ್ಟು ಹೆಚ್ಚು: ಮಣ್ಣಿನ ಉಬ್ಬುವ ಒತ್ತಡವನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿಲ್ಲ.

ಮಣ್ಣನ್ನು ಹೀಗೆ ಪರೀಕ್ಷಿಸಿ. ಅಡಿಪಾಯ ಕೂರುವ ಆಳದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡಿಯಿರಿ. 100 ಮಿ.ಲೀ.ನ ಎರಡು ಅಳತೆ ಜಾಡಿಗಳಿಗೆ 10 ಗ್ರಾಂನಂತೆ ಹಾಕಿ, ಒಂದಕ್ಕೆ ಭಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ 100ರ ಗೆರೆಯವರೆಗೆ ತುಂಬಿ, ಕಲಕಿ ಗಾಳಿಗುಳ್ಳೆ ಬಿಡಿಸಿ 24 ತಾಸು ಬಿಡಿ. ಮಣ್ಣು ಸೀಮೆಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 18 ಮಿ.ಲೀ. ಇದ್ದರೆ ಹಿಗ್ಗು ಶೇ. 80. ಶೇ. 50ರೊಳಗಿದ್ದರೆ ಚಿಂತೆ ಕಡಿಮೆ, ಶೇ. 100 ದಾಟಿದರೆ ಮಾಮೂಲಿ ಪಟ್ಟಿ ಅಡಿಪಾಯ ಬೇಡ, ಒದ್ದೆ-ಒಣ ಏರಿಳಿತ ತಾಕದ ಆಳಕ್ಕೆ ಇಳಿಯುವ ಕಂಬದ ಅಡಿಪಾಯವನ್ನು ಎಂಜಿನಿಯರ್ ಕೈಲಿ ವಿನ್ಯಾಸ ಮಾಡಿಸಿ. ಕುಣಿಗೆ ಬರೀ ಮರಳು ತುಂಬಿಸುವುದು ಅಪಾಯ. ಮರಳು ನೀರನ್ನು ಕೂಡಿಟ್ಟು ಕೆಳಗಿನ ಜೇಡಿಗೆ ಉಣಿಸುತ್ತದೆ. ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಸೋರುವ ಕೊಳಾಯಿ ಕೂಡಲೇ ಸರಿಮಾಡಿಸಿ, ದೊಡ್ಡ ಮರವನ್ನು ಅದರ ಎತ್ತರದಷ್ಟಾದರೂ ದೂರ ನೆಡಿ.

ಇಳಿಜಾರಿನ ನಿವೇಶನವಾದರೆ ಇನ್ನೊಂದು ನೋಟ ಬೇಕು: ಕಲ್ಲಿನ ಪದರಗಳು ಯಾವ ಕಡೆ ವಾಲಿವೆ? ಗುಡ್ಡ ಕಡಿದ ಕಡೆಗೇ ವಾಲಿದ್ದು, ನಡುವೆ ತೆಳು ಜೇಡಿಪದರವಿದ್ದರೆ ಮೇಲಿನದು ಜಾರುತ್ತದೆ. ಇಟಲಿಯ ವಯೊಂಟ್‌ನಲ್ಲಿ 1963ರ ಅಕ್ಟೋಬರ್ 9ರಂದು ಆದದ್ದು ಇದೇ. ಸುಣ್ಣಕಲ್ಲಿನ ನಡುವಿನ ಜೇಡಿಯ ಮೇಲೆ ಬೆಟ್ಟದ ಮಗ್ಗುಲೇ ಜಲಾಶಯಕ್ಕೆ ಜಾರಿತು. 260 ಮೀಟರಿಗೂ ಎತ್ತರದ ಅಣೆಕಟ್ಟೆ ನಿಂತೇ ಇತ್ತು; ಅದರ ಮೇಲಿಂದ ಉಕ್ಕಿದ ಅಲೆಗೆ ಸುಮಾರು 2,000 ಜನ ಸತ್ತರು. ಕಾಂಕ್ರೀಟಿನಲ್ಲಿ ಕುಂದಿರಲಿಲ್ಲ, ಬೆಟ್ಟದಲ್ಲಿತ್ತು.

ಮರುಪ್ರಶ್ನೆ: ನೆಲದಾಸಕ್ತ

ಪರೀಕ್ಷೆಯಲ್ಲಿ ಸೀಮೆಎಣ್ಣೆ ಏಕೆ? ಎರಡು ಜಾಡಿ ಬೇಕೇ ಬೇಕೆ?

ಉತ್ತರ: ಬುನಾದಿ

ಬೇಕು. ಸೀಮೆಎಣ್ಣೆಯ ಅಣುಗಳಿಗೆ ಧ್ರುವೀಯತೆ ಇಲ್ಲ, ಅಂದರೆ ನೀರಿನ ಅಣುವಿನಂತೆ ಒಂದು ಬದಿ ಧನ, ಇನ್ನೊಂದು ಬದಿ ಋಣ ವಿದ್ಯುದಂಶ ಇರುವುದಿಲ್ಲ. ಅದು ಜೇಡಿಯ ಹಾಳೆಗಳ ನಡುವೆ ನುಗ್ಗಿ ಹಿಗ್ಗಿಸುವುದಿಲ್ಲ. ಆ ಜಾಡಿ ಹಿಗ್ಗದ ಮಣ್ಣಿನ ಗಾತ್ರವನ್ನು ಕೊಡುತ್ತದೆ, ವ್ಯತ್ಯಾಸ ತೆಗೆಯುವುದು ಅದರ ಮೇಲೆಯೇ. ಕೊಳಾಯಿಯ ಉಪ್ಪುಪ್ಪು ನೀರು ಹಾಕಿದರೆ ಹಿಗ್ಗು ನಿಜಕ್ಕಿಂತ ಕಡಿಮೆ ಕಾಣಬಹುದು. ಮಾದರಿಯನ್ನು ನಿವೇಶನದ ಒಂದೇ ಮೂಲೆಯಿಂದ ತೆಗೆಯಬೇಡಿ. ಅರ್ಧ ಜೇಡಿ, ಅರ್ಧ ಬಂಡೆ ಇರುವ ಜಾಗದಲ್ಲಿ ಮನೆ ಸರಿಯಾಗಿ ಆ ಗಡಿಯ ಮೇಲೆಯೇ ಸೀಳುತ್ತದೆ.