ಆಟದಲ್ಲಿ ಹುಟ್ಟಿದ ಪಾತ್ರ ಯಾರದ್ದು? ಕಾಪಿರೈಟ್ ವಕೀಲರನ್ನು ಕೇಳಿ

ನಕ್ಷೆಗಾರ: ಮೇಡಂ, ಆಟಕ್ಕೆಂದು ಬಿಡಿಸಿದ ನಕ್ಷೆಯನ್ನು ಆನ್‌ಲೈನ್‌ನಲ್ಲಿ ಹಾಕಿದೆ. ನನ್ನ ಹಕ್ಕು ಹೋಯ್ತಾ?

ವಕೀಲೆ: ಹೋಗಲ್ಲ. ಬಿಡಿಸಿದಾಗಲೇ ಹಕ್ಕು ನಿಮ್ಮದಾಯಿತು, ನೋಂದಣಿ ಕಡ್ಡಾಯವಲ್ಲ. ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ 1908ರ ಪರಿಷ್ಕರಣೆಯಲ್ಲೇ ಈ ನಿಯಮ ಬಂದಿದೆ. ತಾಣಕ್ಕೆ ಸಾಮಾನ್ಯವಾಗಿ ಕೊಡುವುದು ಬಳಕೆಯ ಅನುಮತಿ ಮಾತ್ರ. ಅದು ಎಷ್ಟರಮಟ್ಟಿಗೆ ಅನ್ನೋದನ್ನು ಷರತ್ತುಗಳಲ್ಲಿ ಓದಿ.

ಬೆಳ್ಳಿಗರಿ: ನಾವೊಂದಿಷ್ಟು ಜನ ಚಾಟ್‌ನಲ್ಲೇ ಬರೆದು ಆಡೋ ರೋಲ್‌ಪ್ಲೇ ಆಟ. ನನ್ನ ಪಾತ್ರ ಕಣ್ಣು ಕಾಣದ ಗಂಟೆ ಕಾವಲುಗಾರ್ತಿ. ಅವಳು ತಂಗಿಗೆ ಬರೆದ ಪತ್ರಗಳು, ಅವಳ ಮಾತುಗಳು ಎಲ್ಲ ನಾನೇ ಟೈಪ್ ಮಾಡಿದ್ದು. ಆಟ ನಡೆಸುವವರು ಅದನ್ನೇ ಕಾದಂಬರಿ ಮಾಡಿ ಪ್ರಕಾಶಕರಿಗೆ ಕಳಿಸಿದ್ದಾರೆ. "ಲೋಕ ನನ್ನದು, ಒಳಗಿರೋದೂ ನನ್ನದೇ" ಅಂತಾರೆ. ಹಿಂದೊಮ್ಮೆ "ಬೇಕಾದ ಹಾಗೆ ಬಳಸ್ಕೊಳ್ಳಿ" ಅಂತ ನಾನು ಬರೆದಿದ್ದೆ.

ನಕಲುವೀರ: ನನಗೂ ಅದೇ ಡೌಟು. ಆನ್‌ಲೈನ್‌ನಲ್ಲಿ ಹಾಕಿದರೆ ಹಕ್ಕು ಹೋಗುತ್ತಾ?

ವಕೀಲೆ: ಇಲ್ಲ. ಮೇಲೆ ಉತ್ತರಿಸಿದ್ದೇನೆ.

ಬೆಳ್ಳಿಗರಿ ಅವರೇ, ನಿಮ್ಮದು ನನಗೆ ಚಿಂತೆ ತರಿಸಿದೆ. ಲೋಕ ಕಟ್ಟಿದವರಿಗೆ ಅವರು ಬರೆದದ್ದರ ಮೇಲೆ ಹಕ್ಕುಂಟು, ನೀವು ಬರೆದದ್ದರ ಮೇಲಲ್ಲ. "ಕಣ್ಣು ಕಾಣದ ಕಾವಲುಗಾರ್ತಿ" ಅನ್ನೋ ಬರೀ ಕಲ್ಪನೆಯನ್ನು, ಅವಳ ಹೆಸರನ್ನು ಹಿಡಿದು ವಾದಿಸಿದರೆ ಗೆಲ್ಲೋದು ಕಷ್ಟ. ಪತ್ರಗಳ ಸಾಲುಗಳೇ ಕಾದಂಬರಿಯಲ್ಲಿ ಇದ್ದರೆ ಮಾತು ಬೇರೆ. ಇಬ್ಬರೂ ಸೇರಿ ಹೆಣೆದ ದೃಶ್ಯಗಳದ್ದೇ ತೊಡಕು: ಬಿಡಿಸಲಾಗದಷ್ಟು ಬೆರೆತಿದ್ದರೆ ಜಂಟಿ ಕೃತಿ ಅನ್ನಿಸಿಕೊಳ್ಳಬಹುದು. ನಿಮ್ಮ "ಬಳಸ್ಕೊಳ್ಳಿ"ಯನ್ನು ಅವರು ಅನುಮತಿ ಅಂತ ತೋರಿಸುತ್ತಾರೆ. ಆಟಕ್ಕೋ ಪುಸ್ತಕಕ್ಕೋ ಅನ್ನೋದು ಆವತ್ತಿನ ಮಾತಿನ ಹಿಂದುಮುಂದು ನೋಡಿ ತೀರ್ಮಾನವಾಗುವಂಥದ್ದು. ಅನುಮತಿ ಕೊಟ್ಟ ಮಾತ್ರಕ್ಕೆ ಒಡೆತನ ಕೈಬದಲಾಗಲ್ಲ. ಒಡೆತನ ಬಿಟ್ಟುಕೊಡಲು ಬಹುತೇಕ ಕಡೆ ಸಹಿ ಹಾಕಿದ ಬರಹವೇ ಬೇಕು.

ಚಾಟ್ ಪೂರ್ತಿ, ತಾರೀಖು ಸಮೇತ ಇವತ್ತೇ ಇಳಿಸಿಟ್ಟುಕೊಳ್ಳಿ. ಗುಂಪಿಂದ ಹೊರಹಾಕಿದರೆ ಸಿಗೋದು ಕಷ್ಟ.

ದಾಳಪ್ರಿಯ: ಫಾರ್ವರ್ಡ್ ಬಂದಿದೆ: "ನನ್ನ ಬರಹ ಬಳಸಲು ಯಾರಿಗೂ ಅನುಮತಿಯಿಲ್ಲ" ಅಂತ ಪ್ರೊಫೈಲ್‌ನಲ್ಲಿ ಹಾಕಿ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನಿಮಗೆ ನೀವೇ ಒಂದು ಪ್ರತಿ ಕಳಿಸಿಕೊಳ್ಳಿ, ಸಾಕಂತೆ.

ವಕೀಲೆ: ಸಾಕಾಗಲ್ಲ. ಖಾತೆ ತೆರೆಯುವಾಗ ಒಪ್ಪಿದ ಷರತ್ತು ಒಂದು ಪೋಸ್ಟ್‌ನಿಂದ ರದ್ದಾಗಲ್ಲ. ಅಂಚೆ ಲಕೋಟೆಯಿಂದ ಹಕ್ಕು ಹುಟ್ಟಲ್ಲ. ಇಂಥದ್ದನ್ನು ನಂಬಿ ಜನ ನಿಜವಾದ ಕರಡುಗಳನ್ನೇ ಅಳಿಸಿಬಿಡುತ್ತಾರೆ. ದಯವಿಟ್ಟು ಹಂಚಬೇಡಿ.

ಮಿನಿಯೇಚರ್: ಬೇರೆಯವರ ಪಾತ್ರದ 3ಡಿ ಮಾದರಿ ಮಾಡಿ ಮಾರಬಹುದಾ?

ನಕಲುವೀರ: ಕಲಾವಿದರ ಹೆಸರು ಹಾಕಿದರೆ ಮುಗೀತು. ಎಸ್‌ಆರ್‌ಡಿ ಅನ್ನೋ ಆಟದ ನಿಯಮಪಠ್ಯವನ್ನೂ ಹಾಗೇ ತಾನೇ ಬಳಸೋದು?

ನಕ್ಷೆಗಾರ: ನನ್ನ ನಕ್ಷೆ ಎತ್ತಿಕೊಂಡವನೂ ಇದನ್ನೇ ಹೇಳಿದ. ನೀವೇನಾ ಅದು?

ನಕಲುವೀರ: ಬಾಯಿಗೆ ಬಂದಂಗೆ ಮಾತಾಡಬೇಡಿ. ಚಿತ್ರ ಹಂಚಿದ್ದು ನೀವು.

ನಕ್ಷೆಗಾರ: ನೋಡೋಕೆ ಹಂಚಿದ್ದು ಕಣ್ರೀ, ಮಾರೋಕಲ್ಲ!

ವಕೀಲೆ: ಇಬ್ಬರೂ ನಿಲ್ಲಿಸಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ರೋಲ್‌ಪ್ಲೇ ಆಟದವರು ಎಸ್‌ಆರ್‌ಡಿ 5.1 ನಿಯಮಪಠ್ಯವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಕೊಟ್ಟರು. ಹೆಸರು ಹಾಕಿ ಮಾರಾಟಕ್ಕೂ ಬಳಸಿ ಅಂತ ಪರವಾನಗಿಯಲ್ಲೇ ಇದೆ. ನಕ್ಷೆಗೆ ಅಂಥ ಪರವಾನಗಿ ಎಲ್ಲಿದೆ, ತೋರಿಸಿ.

ನಕಲುವೀರ: ಹಾಗಾದ್ರೆ ಎಲ್ಲರೂ ಕಳ್ಳರೇ?

ಬೆಳ್ಳಿಗರಿ: ಚಾಟ್ ಇಳಿಸಿಟ್ಟುಕೊಂಡೆ. ಪ್ರಕಾಶಕರಿಗೆ ನೇರವಾಗಿ ಬರೆಯಲಾ?

ವಕೀಲೆ: ಮೊದಲು ಆಟ ನಡೆಸಿದವರಿಗೆ. ನಿಮ್ಮ ಯಾವ ಸಾಲುಗಳು ಎಲ್ಲಿವೆ ಅಂತ ಗುರುತಿಸಿ ಬರೆಯಿರಿ, ಬೆದರಿಕೆ ಬೇಡ. ಉತ್ತರ ಬರದಿದ್ದರೆ ಅದೇ ಪತ್ರ ಪ್ರಕಾಶಕರಿಗೆ. ಕೃತಿ ಪೂರ್ತಿ ತನ್ನದೇ ಅಂತ ಲೇಖಕರಿಂದ ಬರೆಸಿಕೊಳ್ಳೋದು ಪ್ರಕಾಶಕರ ಒಪ್ಪಂದಗಳಲ್ಲಿ ವಾಡಿಕೆ, ಹಾಗಾಗಿ ಅವರು ಇದನ್ನು ಹಗುರವಾಗಿ ತೆಗೆದುಕೊಳ್ಳಲಿಕ್ಕಿಲ್ಲ. ಕಳಿಸುವ ಮುಂಚೆ ಕರಡು ನನಗೆ ತೋರಿಸಿ.